ಮೂರನೇ ಮಹಡಿಯ ವೆಂಕಟಲಕ್ಷ್ಮಮ್ಮ

ಮಾಗಡಿ ರಸ್ತೆಯ ಆ ಮಾಲ್‌ಗೆ ವೆಂಕಟಲಕ್ಷ್ಮಮ್ಮ ಏನನ್ನೂ ಕೊಳ್ಳಲು ಬರುತ್ತಿರಲಿಲ್ಲ. ನಡೆಯಲು ಬರುತ್ತಿದ್ದರು. ಮಂಡಿ ಸವೆದಿದೆ, ದಿನಾ ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಹೊತ್ತು ನಡೆಯಿರಿ ಎಂದು ಡಾಕ್ಟರು ಹೇಳಿದ್ದರಂತೆ. ಮೂಡಲಪಾಳ್ಯದಲ್ಲಿ ಸಮತಟ್ಟಾದ ಜಾಗ ಎಲ್ಲಿಂದ ತರುವುದು? ಫುಟ್‌ಪಾತಿನ ಮೇಲೆ ಬೈಕು, ಬೈಕಿನ ಪಕ್ಕ ಎಳನೀರಿನ ಗಾಡಿ, ಅದನ್ನು ದಾಟಿದರೆ ಬಾಯ್ತೆರೆದ ಮೋರಿ. ಅದಕ್ಕೇ ಮಗ ಚನ್ನಕೇಶವ ಮಧ್ಯಾಹ್ನ ಊಟ ಮುಗಿಸಿ ತನ್ನ ಹಾರ್ಡ್‌ವೇರ್ ಅಂಗಡಿಗೆ ವಾಪಸು ಹೋಗುವಾಗ ಕಾರಿನಲ್ಲಿ ತಂದು ಮಾಲ್ ಬಾಗಿಲಲ್ಲಿ ಇಳಿಸುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತಿದ್ದ.

ನೂಲಿನ ಸೀರೆ, ಸೆರಗಿಗೆ ಎರಡೂ ಕಡೆ ಪಿನ್ನು, ಕಾಲಿಗೆ ಮೊಮ್ಮಗಳು ಕೊಡಿಸಿದ ಬಿಳಿ ಶೂಸು. ಮೂರನೇ ಮಹಡಿಯಲ್ಲಿ ಹೊಲದ ಬದುವಿನ ಮೇಲೆ ಹೋಗುವವರಂತೆ ಗೋಡೆಯ ಅಂಚು ಹಿಡಿದು ಸುತ್ತು ಹಾಕುತ್ತಿದ್ದರು. ಬಟ್ಟೆ ಅಂಗಡಿಯ ಗಾಜಿನಾಚೆ ನಿಂತ ಬೊಂಬೆಗಳ ಯೋಗಕ್ಷೇಮವೂ ಅವರದೇ. ಪಾಪ, ನೆನ್ನೆ ಮೈತುಂಬ ಉಡಿಸಿದ್ದರು, ಇವತ್ತು ಈ ಹುಡುಗಿಗೆ ತೋಳೇ ಇಲ್ಲದ ಅಂಗಿ ಹಾಕವ್ರೆ, ಏಸಿ ಗಾಳಿಗೆ ನೆಗಡಿ ಆಗಲ್ವಾ ಎಂದು ಸೇಲ್ಸ್‌ಮನ್ನನ್ನು ನಿಲ್ಲಿಸಿ ಕೇಳುತ್ತಿದ್ದರು. ಸುತ್ತು ಮುಗಿದ ಮೇಲೆ ಮಕ್ಕಳ ಆಟದ ಜಾಗದ ಎದುರಿನ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುವುದು.

ಆ ಬೆಂಚಿನ ಮೇಲೆಯೇ ಕೀರ್ತನಾಳಿಗೆ ಅವರು ಸಿಕ್ಕಿದ್ದು.

ಕೀರ್ತನಾ ಬಸವೇಶ್ವರನಗರದಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಚಂದ್ರಾ ಲೇಔಟಿನ ಎರಡನೇ ಮಹಡಿಯ ಬಾಡಿಗೆ ಮನೆಗೆ ಬಂದಿದ್ದಳು. ಗಂಡ ದರ್ಶನ್ ಬೆಳಗ್ಗೆ ಆಫೀಸಿಗೆ ಹೊರಟರೆ ಮನೆಯಲ್ಲಿ ಅವಳು, ಎರಡು ವರ್ಷದ ಮಗ ಅಭಿನವ್, ಇಬ್ಬರ ನಡುವೆ ಒಂದು ಸ್ಟೀಲ್ ಬಟ್ಟಲು. ಮಗು ಉಣ್ಣುತ್ತಿರಲಿಲ್ಲ. ಹಟ ಮಾಡಿ ಉಣ್ಣದಿರುವುದಲ್ಲ. ಚಮಚ ಕಂಡರೆ ಸಾಕು, ತುಟಿ ಬಿಗಿದು, ಕಣ್ಣು ಮುಚ್ಚಿ, ತಲೆ ಗೋಡೆಗೆ ತಿರುಗಿಸಿಬಿಡುತ್ತಿತ್ತು. ಫೋನಿನಲ್ಲಿ ಹಾಡು ಹಾಕಿದರೆ ನಾಲ್ಕು ಚಮಚ ಒಳಗೆ ಹೋಗುವುದು, ಐದನೆಯದಕ್ಕೆ ನಾಲ್ಕೂ ಹೊರಗೆ ಬರುವುದು. ಮಕ್ಕಳ ಡಾಕ್ಟರು ತೂಕದ ಯಂತ್ರದ ಮೇಲೆ ಕೂರಿಸಿ ನೋಡಿ, ದೀಪಾವಳಿವರೆಗೆ ಕಾಯೋಣ, ಅಷ್ಟರಲ್ಲಿ ತೂಕ ಏರದಿದ್ದರೆ ಒಳಗೇನಾಗಿದೆ ಅಂತ ಒಂದೊಂದಾಗಿ ಪರೀಕ್ಷೆ ಮಾಡಿಸಬೇಕಾಗುತ್ತೆ ಎಂದಿದ್ದರು. ಆ ‘ಒಳಗೇನಾಗಿದೆ’ ಎಂಬ ಮಾತನ್ನು ಹಿಡಿದು ಕೀರ್ತನಾ ರಾತ್ರಿಯೆಲ್ಲ ಹುಡುಕುತ್ತಿದ್ದಳು. ಫೋನಿನಲ್ಲಿ ಓದಿದಷ್ಟೂ ಹೊಸ ಹೊಸ ಕಾಯಿಲೆಗಳ ಹೆಸರು ಸಿಗುತ್ತಿದ್ದವು. ಎಲ್ಲವೂ ತನ್ನ ಮಗನಿಗೇ ಹೇಳಿ ಮಾಡಿಸಿದಂತೆ ಕಾಣುತ್ತಿದ್ದವು.

ಮನೆಯ ಗೋಡೆ ನೋಡಿ ನೋಡಿ ಸಾಕಾಗಿ ಒಂದು ಮಧ್ಯಾಹ್ನ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಮಗುವನ್ನೂ ಡಬ್ಬಿಯನ್ನೂ ಎತ್ತಿಕೊಂಡು ಅವಳು ಮಾಲ್‌ಗೆ ಬಂದಳು. ತಣ್ಣಗಿರುತ್ತೆ, ಮಗು ಓಡಾಡುತ್ತೆ, ಹಸಿವಾದರೂ ಆದೀತು ಎಂಬ ಆಸೆ. ಬೆಂಚಿನ ಮೇಲೆ ಕೂತು ಡಬ್ಬಿ ತೆಗೆದು, ಮಿಕ್ಸಿಯಲ್ಲಿ ರುಬ್ಬಿದ ಬೇಳೆ ಅನ್ನವನ್ನು ಚಮಚದಲ್ಲಿ ತೆಗೆದಳು. ಮಗು ಎಂದಿನಂತೆ ಮುಖ ತಿರುಗಿಸಿತು. ಪಕ್ಕದಲ್ಲಿ ಮಂಡಿ ನೀವಿಕೊಳ್ಳುತ್ತಿದ್ದ ಮುದುಕಿ ಡಬ್ಬಿಯೊಳಕ್ಕೆ ಬಗ್ಗಿ ನೋಡಿದರು.

“ಇದೇನವ್ವ ಇದು, ಗೋಡೆಗೆ ಬಳಿಯಾಕಾ?”

ಕೀರ್ತನಾಳಿಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಗುರುತು ಪರಿಚಯವಿಲ್ಲದ ಆ ಹೆಂಗಸಿನ ಮುಂದೆ ಡಾಕ್ಟರು ಹೇಳಿದ್ದು, ದೀಪಾವಳಿ, ಪರೀಕ್ಷೆ ಎಲ್ಲವನ್ನೂ ಹೇಳಿಬಿಟ್ಟಳು. ವೆಂಕಟಲಕ್ಷ್ಮಮ್ಮ ಸಮಾಧಾನ ಹೇಳಲಿಲ್ಲ. ನಾಳೆಯಿಂದ ರುಬ್ಬಬೇಡ, ಮೆತ್ತಗೆ ಬೇಯಿಸಿ ಹಾಗೇ ತಾ ಎಂದರು.

ಮರುದಿನ ಬೆಂಚಿನ ಮೇಲೆ ಇನ್ನೊಬ್ಬರಿದ್ದರು. ಬಿನ್ನಿಪೇಟೆಯ ಕಲಾ. ಅವರ ಮಗಳು ಅನು ಎರಡನೇ ಮಹಡಿಯಲ್ಲಿ ಪೌಡರು, ಲಿಪ್‌ಸ್ಟಿಕ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೊಮ್ಮಗಳು ಹೇಮಶ್ರೀಯನ್ನು ಶಾಲೆಯಿಂದ ಕರೆತಂದು ಮಗಳ ಡ್ಯೂಟಿ ಮುಗಿಯುವವರೆಗೆ ಕಲಾ ಇಲ್ಲೇ ಕಾಯುತ್ತಿದ್ದರು. ಹಣೆಯ ಮೇಲೆ ದೊಡ್ಡ ಮೆರೂನ್ ಸ್ಟಿಕ್ಕರು, ಕೈತುಂಬ ಗಾಜಿನ ಬಳೆ, ಮುಡಿಯಲ್ಲಿ ಮೊಳ ಮಲ್ಲಿಗೆ. ಬಾಯಿ ಬಲು ಜೋರು.

ವೆಂಕಟಲಕ್ಷ್ಮಮ್ಮ ಕೈ ತೊಳೆದು ಬಂದು ಕೀರ್ತನಾಳ ಡಬ್ಬಿಯಿಂದ ಅನ್ನ ತೆಗೆದು, ಬೆರಳ ತುದಿಯಲ್ಲೇ ಉಂಡೆ ಕಟ್ಟಿದರು. ಕಟ್ಟಿ ಅಭಿನವ್‌ಗೆ ಕೊಡಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಹೇಮಶ್ರೀಯ ಬಾಯಿಗಿಟ್ಟರು. ಬೆರಳು ತುಟಿಗೆ ತಾಗದಂತೆ ಮೇಲಿಂದ ಬಿಡುವ ಅವರ ತುತ್ತು ನೋಡಿ, ಒಂದೇ ಕೈಯಲ್ಲಿ ಎರಡು ಮಕ್ಕಳಿಗೆ ಎಂದು ಹೆದರಿದ್ದ ಕೀರ್ತನಾ ಬ್ಯಾಗಿನಿಂದ ತೆಗೆದಿದ್ದ ಸ್ಯಾನಿಟೈಸರನ್ನು ಮೆಲ್ಲಗೆ ಒಳಗಿಟ್ಟಳು. ಒಂದು ಹುಲಿಗೆ, ಒಂದು ಹುಲಿಯ ಅತ್ತೆಗೆ ಎನ್ನುತ್ತ ಹೇಮಶ್ರೀಗೆ ತುತ್ತಿನ ಮೇಲೆ ತುತ್ತು ಹೋಯಿತು. ಅಭಿನವ್ ಆಟದ ಜಾಗದ ಕಂಬಿ ಬಿಟ್ಟು ಬಂದ. ಇನ್ನೂ ಹತ್ತಿರ ಬಂದ. ಕೀರ್ತನಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಆ ಕಡೆ ತಿರುಗ್ಕೊ,” ಎಂದರು ವೆಂಕಟಲಕ್ಷ್ಮಮ್ಮ. “ನೀನು ಹಿಂಗೆ ಕಣ್ಣರಳಿಸ್ಕಂಡು ನೋಡ್ತಾ ಇದ್ರೆ ನಂಗೇ ಗಂಟ್ಲಲ್ಲಿ ಇಳಿಯಲ್ಲ, ಇನ್ನು ಆ ಕೂಸಿಗೆ ಇಳಿದಾತಾ?”

ಕೀರ್ತನಾ ತಿರುಗಿ ಶೂ ಅಂಗಡಿಯ ಬೋರ್ಡು ನೋಡುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕಲಾ ಅವಳ ತೊಡೆ ತಟ್ಟಿ, ಆರು ತುತ್ತು ಕಣೇ ಎಂದು ಕಿವಿಯಲ್ಲಿ ಹೇಳಿದರು.

ಅಂದಿನಿಂದ ದಿನವೂ ಅದೇ. ಕೀರ್ತನಾಳ ಮಧ್ಯಾಹ್ನಕ್ಕೆ ಒಂದು ಊರು ಸಿಕ್ಕಿದಂತಾಯಿತು. ಇಲ್ಲಿ ತಾಯಂದಿರು ಗಾಡಿ ತಳ್ಳಿಕೊಂಡು ಬರುತ್ತಿದ್ದರು, ಕಾಲೇಜು ಹುಡುಗರು ಒಂದು ಕೋಲ್ಡ್ ಕಾಫಿಗೆ ನಾಲ್ಕು ಸ್ಟ್ರಾ ಹಾಕಿಕೊಂಡು ಸಂಜೆಯವರೆಗೆ ಕೂರುತ್ತಿದ್ದರು, ಪೆನ್ಶನ್ ಬಂದವರು ಏಸಿಯಲ್ಲಿ ಪೇಪರ್ ಓದುತ್ತಿದ್ದರು. ಯಾರೂ ಯಾರನ್ನೂ ಏಳಿ ಎನ್ನುತ್ತಿರಲಿಲ್ಲ. ಮನೆಯ ಬಾಗಿಲು ತೆಗೆದರೆ ಎದುರು ಮನೆಯ ಮುಚ್ಚಿದ ಬಾಗಿಲು ನೋಡುತ್ತಿದ್ದ ಅವಳಿಗೆ, ಬಾ ಇಲ್ಲಿ ಕೂತ್ಕೊ ಎಂದು ಬ್ಯಾಗು ಸರಿಸಿ ಜಾಗ ಮಾಡಿಕೊಡುವವರು ಇದ್ದಾರೆಂಬುದೇ ದೊಡ್ಡದಾಗಿತ್ತು. ಮಗನ ಗಲ್ಲ ಸ್ವಲ್ಪ ತುಂಬಿದಂತೆ ಕಂಡಿತು. ಕಂಡದ್ದನ್ನು ಬಾಯಿಬಿಟ್ಟು ಹೇಳಲು ಹೆದರಿ ಸುಮ್ಮನಿದ್ದಳು.

ವೆಂಕಟಲಕ್ಷ್ಮಮ್ಮನ ವಿಷಯ ಅವಳಿಗೆ ಗೊತ್ತಾಗಿದ್ದು ಚೂರುಪಾರು. ಮೂಡಲಪಾಳ್ಯ ಇನ್ನೂ ಹಳ್ಳಿಯಾಗಿದ್ದಾಗ ಮದುವೆಯಾಗಿ ಬಂದವರು. ಹೊಲವೆಲ್ಲ ಸೈಟಾಯಿತು, ಸೈಟೆಲ್ಲ ಮನೆಯಾಯಿತು. ಕಳೆ ತೆಗೆದ ಜಾಗದಲ್ಲಿ ಈಗ ಜಿಮ್ ಇದೆ. “ನಮ್ಮೆಜಮಾನ್ರು ಬೆಳಕು ಹರಿಯೋಕ್ ಮುಂಚೆ ಹೊಲದಲ್ಲಿ ಆರು ಕಟ್ತಿದ್ರು,” ಎನ್ನುತ್ತಿದ್ದರು ಒಮ್ಮೊಮ್ಮೆ. “ಬಿಸಿ ಮುದ್ದೆ ಅಂದ್ರೆ ಪ್ರಾಣ ಬಿಡೋರು.” ಹಣೆ ಬರಿದು. ಹುಬ್ಬಿನ ನಡುವೆ ಒಂದು ಕಾಲದಲ್ಲಿ ಕುಂಕುಮವಿದ್ದ ಗುರುತಿನಂತೆ ಬೆಳ್ಳನೆಯ ದುಂಡು ಕಲೆ. ಕುತ್ತಿಗೆಯಲ್ಲಿ ಸರ ಕಾಣದು, ಶೂಸಿನೊಳಗೆ ಕಾಲುಂಗುರ ಕಾಣದು. ಯಜಮಾನರು ತೀರಿಕೊಂಡು ಎಷ್ಟು ವರ್ಷವಾಯಿತೋ ಎಂದು ಕೀರ್ತನಾ ಮರುಗುತ್ತಿದ್ದಳು. ಕೇಳಿ ನೋಯಿಸುವುದು ಬೇಡವೆಂದು ಕೇಳಿರಲಿಲ್ಲ.

ಶ್ರಾವಣ ಬಂತು. ತುಮಕೂರಿನಿಂದ ಅತ್ತೆ ಫೋನು ಮಾಡಿ, ಶುಕ್ರವಾರ ಐದು ಜನ ಮುತ್ತೈದೆಯರಿಗಾದರೂ ಅರಿಶಿನ ಕುಂಕುಮ ಕೊಡು, ಮಗುವಿಗೆ ಒಳ್ಳೆಯದಾಗುತ್ತದೆ ಎಂದರು. ಮಗುವಿಗೆ ಒಳ್ಳೆಯದಾಗುತ್ತದೆ ಎಂದರೆ ಕೀರ್ತನಾ ಬೆಂಕಿಯಲ್ಲಿ ನಡೆ ಎಂದರೂ ನಡೆಯುವ ಸ್ಥಿತಿಯಲ್ಲಿದ್ದಳು. ಆದರೆ ಐದು ಜನರನ್ನು ಎಲ್ಲಿ ಹುಡುಕುವುದು? ಕೆಳಗಿನ ಮನೆಯವರು ಊರಿಗೆ ಹೋಗಿದ್ದರು, ಎದುರು ಮನೆಯವರ ಹೆಸರೂ ತಿಳಿಯದು. ಯೋಚಿಸಿ ಯೋಚಿಸಿ ಕೊನೆಗೆ, ನನಗೆ ಗೊತ್ತಿರುವವರೆಲ್ಲ ಮಾಲ್‌ನಲ್ಲೇ ಇದ್ದಾರಲ್ಲ ಎಂದು ಹೊಳೆಯಿತು. ರವಿಕೆ ಕಣ, ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಎಲ್ಲವನ್ನೂ ಐದು ಕವರಿನಲ್ಲಿ ಕಟ್ಟಿಕೊಂಡು ಹೊರಟಳು.

ಬಾಗಿಲಲ್ಲಿ ಸ್ಕ್ಯಾನ್ ಮಾಡುವ ಮೆಷಿನ್ನು ಐದು ತೆಂಗಿನಕಾಯಿ ಕಂಡು ನಿಂತಿತು. ಸೆಕ್ಯುರಿಟಿ ಹೆಂಗಸು, ಮೇಡಂ ಕಾಯಿ ಒಳಗೆ ಬಿಡಂಗಿಲ್ಲ, ರೂಲ್ಸು ಎಂದಳು. ಕೀರ್ತನಾ ಬೇರೇನೂ ತೋಚದೆ ಅರಿಶಿನ ಕುಂಕುಮದ ಭರಣಿ ತೆಗೆದು ಅವಳಿಗೇ ಮೊದಲ ಕುಂಕುಮ ಕೊಟ್ಟಳು. ಆ ಹೆಂಗಸು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಟೋಪಿ ಹಿಂದಕ್ಕೆ ಸರಿಸಿ, ಹಣೆಗಿಟ್ಟುಕೊಂಡು, ಕವರನ್ನು ಕಣ್ಣಿಗೊತ್ತಿಕೊಂಡು, ಉಳಿದ ನಾಲ್ಕು ಕಾಯಿಯನ್ನು ನೋಡದವಳಂತೆ ಒಳಗೆ ಬಿಟ್ಟಳು. ಎರಡನೆಯದು ನೆಲ ಒರೆಸುವ ಲಕ್ಷ್ಮವ್ವನಿಗೆ, ಮೂರನೆಯದು ಅಂಗಡಿಯ ಕೌಂಟರಿನಲ್ಲೇ ಅನುವಿಗೆ ಆಯಿತು. ಮೂರನೇ ಮಹಡಿಗೆ ಬಂದಾಗ ಬೆಂಚಿನ ಮೇಲೆ ಮೂವರು ಸಾಲಾಗಿ ಕೂತಿದ್ದರು: ಈ ತುದಿಯಲ್ಲಿ ಕಲಾ, ನಡುವೆ ವೆಂಕಟಲಕ್ಷ್ಮಮ್ಮ, ಆ ತುದಿಯಲ್ಲಿ ಆಟದ ಜಾಗದ ಟಿಕೆಟ್ ಹರಿಯುವ, ಹೊಸದಾಗಿ ಮದುವೆಯಾದ ಹುಡುಗಿ.

ಕೀರ್ತನಾ ಕಲಾರಿಗೆ ಕುಂಕುಮ ಕೊಟ್ಟಳು. ಎಂದೂ ಸುಮ್ಮನಿರದ ಕಲಾ ಅಂದು ಮಾತಾಡದೆ ತೆಗೆದುಕೊಂಡರು. ಮುಂದಿನ ಸರದಿ ವೆಂಕಟಲಕ್ಷ್ಮಮ್ಮನದು. ಕೊಟ್ಟರೆ ಪಾಪ ಅವರಿಗೆ ಹಳೆಯದೆಲ್ಲ ನೆನಪಾಗಿ ನೋವಾಗುವುದಿಲ್ಲವೇ ಎಂದು ಒಂದು ಮನಸ್ಸು. ಮಗುವಿಗಾಗಿ ಮಾಡುವ ವ್ರತದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಎಂದು, ತನಗೇ ಒಪ್ಪಿಕೊಳ್ಳಲಾಗದ ಇನ್ನೊಂದು ಮನಸ್ಸು. ಅವಳು ವೆಂಕಟಲಕ್ಷ್ಮಮ್ಮನನ್ನು ದಾಟಿ ಹೋಗಿ ಆ ತುದಿಯ ಹುಡುಗಿಗೆ ಕೊಟ್ಟಳು. ಆಮೇಲೆ ವಾಪಸು ಬಂದು, ಆದಷ್ಟು ಪ್ರೀತಿಯಿಂದ, ಎರಡು ಬಾಳೆಹಣ್ಣನ್ನು ಅವರ ಕೈಯಲ್ಲಿಟ್ಟಳು.

ವೆಂಕಟಲಕ್ಷ್ಮಮ್ಮ ಹಣ್ಣನ್ನು ನೋಡಿದರು. ಅವಳ ಕೈಯಲ್ಲಿದ್ದ ಭರಣಿಯನ್ನು ನೋಡಿದರು. ಅಭಿನವ್ ಡಬ್ಬಿ ಹಿಡಿದುಕೊಂಡು ಅವರ ಮುಂದೆ ಬಂದು ನಿಂತ. ಕೈ ನೋಯ್ತಾ ಅದೆ ಮಗ, ಇವತ್ತು ನಿಮ್ಮಮ್ಮ ತಿನ್ನಿಸ್ತಾಳೆ ಎಂದು ಅವನ ತಲೆ ಸವರಿ, ಹಣ್ಣನ್ನು ಬೆಂಚಿನ ಮೇಲೆಯೇ ಬಿಟ್ಟು, ಎದ್ದು ನಡೆಯಲು ಹೋದರು. ಆ ಸುತ್ತು ಮುಗಿಸಿ ಅವರು ಬೆಂಚಿಗೆ ಬರಲಿಲ್ಲ.

ಮರುದಿನ ಬರಲಿಲ್ಲ. ಭಾನುವಾರ ಮಾಲ್ ಸಂತೆಯಂತಿರುತ್ತದೆ, ಅವರು ಎಂದೂ ಬರುವವರಲ್ಲ. ಸೋಮವಾರವೂ ಇಲ್ಲ. ಅಭಿನವ್ ಹೇಮಶ್ರೀಯ ಪಕ್ಕ ಕೂತು ಅಜ್ಜಿ ಅಜ್ಜಿ ಎಂದು ದಾರಿ ನೋಡಿದ. ಕೀರ್ತನಾ ಅವರಂತೆಯೇ ಉಂಡೆ ಕಟ್ಟಿದಳು, ಹುಲಿಯನ್ನೂ ಹುಲಿಯ ಅತ್ತೆಯನ್ನೂ ಕರೆದಳು. ಅವನು ತುಟಿ ಬಿಗಿದು, ಕಣ್ಣು ಮುಚ್ಚಿ, ಮುಖ ತಿರುಗಿಸಿದ. ಮಾರನೆಯ ದಿನವೂ ಹಾಗೇ. ತುಂಬಿತ್ತೆಂದುಕೊಂಡಿದ್ದ ಗಲ್ಲ ಮತ್ತೆ ಇಳಿದಂತೆ ಕಂಡಿತು. ಅವರ ಫೋನ್ ನಂಬರು ಅವಳ ಬಳಿ ಇರಲಿಲ್ಲ, ಮನೆ ಯಾವ ರಸ್ತೆಯಲ್ಲಿದೆಯೆಂದು ತಿಳಿಯದು. ಬೆಂಚಿನ ಮೇಲೆ ಸಿಕ್ಕವರನ್ನು ಬೆಂಚಿನ ಮೇಲೆಯೇ ಕಾಯಬೇಕು.

“ಯಾಕೆ ಬರ್ತಿಲ್ಲ ಅಂತ ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?” ಎಂದರು ಕಲಾ, ಮಂಗಳವಾರ.

ಕೀರ್ತನಾ ಇಲ್ಲವೆಂದಳು.

“ಅವ್ರ್ ಯಜಮಾನ್ರು ಗುಂಡುಕಲ್ಲಿನ ಥರ ಕೆಳಗಡೆ ಕೂತಿರ್ತಾರಲ್ಲೇ. ದೊಡ್ಡಹನುಮಯ್ಯ. ಬಾಗಿಲ ಹತ್ರ, ಹೂವಿನ ಕುಂಡದ ಪಕ್ಕ.”

ಬಿಳಿ ಪಂಚೆಯ ಆ ಮುದುಕರನ್ನು ಕೀರ್ತನಾ ಬರುವಾಗ ಹೋಗುವಾಗ ಎಷ್ಟೋ ಸಲ ನೋಡಿದ್ದಳು. ಹಾಗಾದರೆ ಆ ಹಣೆ ಎಂದಳು. ಕಲಾ ಒಂದೊಂದಾಗಿ ಬಿಡಿಸಿ ಹೇಳಿದರು. ಸ್ಟಿಕ್ಕರಿನ ಅಂಟು ಆಗದೆ ಚರ್ಮ ಬೆಳ್ಳಗಾಗಿ, ಡಾಕ್ಟರು ಕುಂಕುಮವನ್ನೂ ಹಚ್ಚಬೇಡಿ ಎಂದಿದ್ದಾರಂತೆ. ಸರಗಳ್ಳರ ಭಯಕ್ಕೆ ಮಾಂಗಲ್ಯ ರವಿಕೆಯ ಒಳಗೆ. ಬೇರೆ ಬೇರೆ ಕೂರುವುದೇಕೆಂದರೆ, ಮುದುಕರಿಗೆ ಎಸ್ಕಲೇಟರ್ ಎಂದರೆ ಭಯ, ಲಿಫ್ಟ್ ಎಂದರೆ ಉಸಿರು ಕಟ್ಟುತ್ತದೆ. ಅಲ್ಲದೆ ಮನೆಯಲ್ಲಿ ಇಡೀ ದಿನ ಜಗಳವಾಡಿ ಬಂದವರಿಗೆ ಇಲ್ಲೊಂದಿಷ್ಟು ಹೊತ್ತು ರಜಾ ಬೇಡವೇ?

ಬದುಕಿರುವ ಮನುಷ್ಯನನ್ನು ಸಾಯಿಸಿಬಿಟ್ಟೆನಲ್ಲ ಎಂದು ಕೀರ್ತನಾ ಅಳಲು ಶುರು ಮಾಡಿದಳು. ಇನ್ನು ಅವರಿಗೆ ನಿಜಕ್ಕೂ ಏನಾದರೂ ಆದರೆ? ಆ ಶಾಪ ಮಗುವಿಗೆ ತಟ್ಟಿದರೆ? ಕಲಾ ಅವಳನ್ನು ಸ್ವಲ್ಪ ಹೊತ್ತು ಅಳಲು ಬಿಟ್ಟರು.

“ಇನ್ನೊಂದು ಹೇಳ್ತೀನಿ, ಆಮೇಲೆ ಒಟ್ಟಿಗೆ ಅತ್ಬಿಡು,” ಎಂದರು. “ನಮ್ಮನೆಯವ್ರು, ಸುಬ್ರಮಣಿ, ಹೋಗಿ ನಾಲ್ಕು ವರ್ಷ ಆಯ್ತು. ಚಿಕ್ಕ ಹುಡುಗಿಯಿಂದ ಇಟ್ಕೊಂಡಿರೋ ಬೊಟ್ಟು ಈಗ್ಯಾಕೆ ತೆಗೀತೀಯ ಅಂತ ಅನು ಅಂದ್ಲು, ತೆಗೀಲಿಲ್ಲ. ಆದ್ರೆ ನಂಗೆ ಕುಂಕುಮ ಅಂತ ಕರೆದು ಕೊಟ್ಟಿದ್ದು ನೀನೇ ಮೊದಲು. ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ ಕಣೇ.”

ಕೀರ್ತನಾ ಅವರ ಬಳೆಗೈಯನ್ನು ಹಿಡಿದುಕೊಂಡು ಕೂತಳು. ಕಲಾರಿಗೆ ಕೊಟ್ಟ ಆ ಕವರಿನಿಂದ ತನ್ನ ಮಗುವಿಗೆ ಕೇಡಾಯಿತೆಂದು ಅವಳಿಗೆ ಎಷ್ಟು ಹುಡುಕಿದರೂ ಅನ್ನಿಸಲಿಲ್ಲ.

ಬುಧವಾರ ಹೂವಿನ ಕುಂಡದ ಪಕ್ಕ ದೊಡ್ಡಹನುಮಯ್ಯ ಒಬ್ಬರೇ ಕೂತಿದ್ದರು. ಅವರು ಕೂತಿರುವುದನ್ನು, ಉಸಿರಾಡುತ್ತಿರುವುದನ್ನು ನೋಡಿ ಕೀರ್ತನಾಳಿಗೆ ಅರ್ಧ ಜೀವ ಬಂತು. ಹತ್ತಿರ ಹೋಗಿ, ತಾನು ಯಾರು, ಏನು ಮಾಡಿದೆ ಎಂದು ತಡವರಿಸಿ ಹೇಳಿದಳು. ಮುದುಕರು ಅಭಿನವ್‌ನ ಕೈಗೆ ತಮ್ಮ ಕನ್ನಡಕದ ಡಬ್ಬಿ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

“ಓ, ನೀನೇನಾ ನನ್ನನ್ನ ಮೇಲಕ್ಕೆ ಕಳಿಸಿದೋಳು,” ಎಂದರು. “ಮನೆಗೆ ಬಂದು ಒಂದೇ ಸಮ ಕೂಗಾಡಿದ್ಲು. ನಾನಂದೆ, ಮೇಲಕ್ಕೋಗೋಕೆ ಎಸ್ಕಲೇಟರ್ ಹತ್ಬೇಕಲ್ಲೇ, ನನ್ನ ಕೈಲಾಗಲ್ಲ ಸುಮ್ಕಿರು ಅಂತ. ನಾನು ನಕ್ಕಿದ್ದಕ್ಕೆ ನಿನ್ಮೇಲಿಗಿಂತ ನನ್ಮೇಲೇ ಸಿಟ್ಟು ಈಗ. ಅವತ್ತಿಂದ ಮುದ್ದೆ ಇಲ್ಲ, ಬರೀ ತಿಳಿಸಾರು.”

ಕೀರ್ತನಾ ಮನೆಗೇ ಬಂದು ಕ್ಷಮೆ ಕೇಳುತ್ತೇನೆಂದಳು. ಬೇಡವೆಂದರು. ಮನೆಯಲ್ಲಿ ಕೂತು ಕೂತು ಅವಳ ಮಂಡಿ ಹಿಡಿದುಕೊಂಡಿದೆ, ನಾಳೆ ಬಂದೇ ಬರುತ್ತಾಳೆ, ನೀನು ಕ್ಷಮೆಗಿಮೆ ಎಂದು ಉದ್ದುದ್ದ ಮಾತಾಡಬೇಡ, ಕೊಡಬೇಕಾದ್ದು ಕೊಡು ಎಂದರು. ಆಮೇಲೆ ಮಗುವಿನ ತೋಳು ಹಿಡಿದು ನೋಡಿ, ಇವನದೇ ಚಿಂತೆ ಅವಳಿಗೆ, ನಿನ್ನದಲ್ಲ ಎಂದು ಸೇರಿಸಿದರು.

ಗುರುವಾರ ವೆಂಕಟಲಕ್ಷ್ಮಮ್ಮ ಬಂದರು. ಮೊದಲು ಸುತ್ತು ಮುಗಿಸಿದರು. ಕೀರ್ತನಾ ಬೆಂಚಿನ ಬಳಿ ಭರಣಿ ಹಿಡಿದು ನಿಂತಿದ್ದಳು. ಅವರು ಕೂತ ಮೇಲೆ ಬೆರಳಲ್ಲಿ ಕುಂಕುಮ ತೆಗೆದು ಮುಂದೆ ಬಾಗಿದಳು.

“ಹಣೆಗೆ ಬೇಡ, ಕಡಿತದೆ,” ಎಂದು ಅವರು ಸೆರಗಿನ ಪಿನ್ನು ತೆಗೆದು, ಆಚೀಚೆ ನೋಡಿ, ರವಿಕೆಯೊಳಗಿಂದ ಮಾಂಗಲ್ಯ ಎಳೆದು ಹಿಡಿದರು. “ಇಲ್ಲಿಗಿಡು.”

ಕೀರ್ತನಾ ಇಟ್ಟ ಕುಂಕುಮ ಅವರ ಬಿಳಿ ಶೂಸಿನ ಮೇಲೂ ಉದುರಿತು. ಅವರು ಮಾಂಗಲ್ಯವನ್ನು ಕಣ್ಣಿಗೊತ್ತಿ ಒಳಗಿಟ್ಟುಕೊಂಡು ಪಿನ್ನು ಹಾಕಿಕೊಂಡರು.

“ನಾನು ಮುತ್ತೈದೆ ಅನ್ನೋದಕ್ಕಲ್ಲ ಕಣವ್ವ. ಗಂಡ ಸತ್ತೋಳು ಅಂತ್ಲೇ ಇಟ್ಕೊ. ಸಾಲಲ್ಲಿ ಕೂತೋಳನ್ನ ದಾಟ್ಕಂಡೋದೆಯಲ್ಲ. ಉಣ್ಣೋಕೆ ಕೂತ ಪಂಕ್ತೀಲಿ ಒಬ್ಬರ ಎಲೆಗೆ ಬಡಿಸ್ದೆ ಮುಂದಕ್ಕೋಗ್ತಾರಾ?”

ಕೀರ್ತನಾ ಇಲ್ಲವೆಂದು ತಲೆಯಾಡಿಸಿದಳು. ಇನ್ನೆಂದೂ ಇಲ್ಲ ಎಂದು ಹೇಳಬೇಕೆನ್ನಿಸಿತು. ಉದ್ದುದ್ದ ಮಾತಾಡಬೇಡ ಎಂಬುದು ನೆನಪಾಗಿ ಸುಮ್ಮನಾದಳು. ಅಷ್ಟರಲ್ಲಿ ಅಭಿನವ್ ಬ್ಯಾಗಿನಿಂದ ಡಬ್ಬಿಯನ್ನು ತಾನೇ ಎಳೆದು ತಂದು ಅಜ್ಜಿಯ ಮಡಿಲಲ್ಲಿ ಇಟ್ಟಿದ್ದ. ಕಲಾ ಅವಳ ಭುಜ ಹಿಡಿದು ಶೂ ಅಂಗಡಿಯ ಕಡೆಗೆ ತಿರುಗಿಸಿದರು.

ಮುಂದಿನ ಶುಕ್ರವಾರ ಕೀರ್ತನಾ ಮತ್ತೆ ಕವರುಗಳನ್ನು ತಂದಳು. ಈ ಸಲ ಯಾರು ಮುತ್ತೈದೆ, ಯಾರು ಅಲ್ಲ ಎಂದು ನೋಡಲಿಲ್ಲ. ಬಾಗಿಲಿನಿಂದ ಬೆಂಚಿನವರೆಗೆ ಸಿಕ್ಕವರಿಗೆಲ್ಲ ಕೊಟ್ಟಳು. ಅತ್ತೆ ಫೋನಿನಲ್ಲಿ ಎಷ್ಟು ಜನ ಆದರು ಎಂದು ಕೇಳಿದಾಗ, ಸಾಲಾಗಿ ಎಲ್ಲರಿಗೂ ಆಯಿತು ಎಂದಳು.

ದೀಪಾವಳಿಗೆ ಮುಂಚಿನ ವಾರ ಡಾಕ್ಟರು ಅಭಿನವ್‌ನನ್ನು ಯಂತ್ರದ ಮೇಲೆ ಕೂರಿಸಿದರು. ಕೀರ್ತನಾ ಗೋಡೆಯ ಮೇಲಿನ ಜಿರಾಫೆಯ ಚಿತ್ರ ನೋಡುತ್ತ ನಿಂತಳು. ಬಹಳವಲ್ಲ, ಆದರೆ ಏರಿದೆ ಎಂದರು ಡಾಕ್ಟರು. ಪರೀಕ್ಷೆ ಯಾವುದೂ ಸದ್ಯಕ್ಕೆ ಬೇಡ, ಏನು ಕೊಡುತ್ತಿದ್ದೀರೋ ಅದನ್ನೇ ಮುಂದುವರಿಸಿ, ಏನು ಕೊಡುತ್ತಿದ್ದೀರಿ? ಕೀರ್ತನಾ ಬಾಯಿ ತೆರೆದಳು. ಬೇಳೆ ಅನ್ನ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತಿತ್ತು. “ದಿನಾ ಮಾಲ್‌ಗೆ ಹೋಗ್ತೀವಿ ಡಾಕ್ಟರ್,” ಎಂದಳು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, ಟಾನಿಕ್ ಒಂದನ್ನು ಬರೆದುಕೊಟ್ಟರು.

ಅಲ್ಲಿಂದ ನೇರ ಮಾಲ್‌ಗೇ ಬಂದಳು. ಬಾಗಿಲಲ್ಲಿ ಮೊದಲು ಸಿಗುವವರು ದೊಡ್ಡಹನುಮಯ್ಯ. ಅವರಿಗೇ ಮೊದಲು ಹೇಳಿದಳು. ಮುದುಕರು ಅವಳ ಮಾತು ಮುಗಿಯುವ ಮುಂಚೆಯೇ ಸುತ್ತಮುತ್ತ ನೋಡಿ, ಮೆತ್ತಗೆ ಕಣವ್ವ, ಊರಿಗೆಲ್ಲ ಕೇಳಿಸಬೇಡ, ಮೊದಲು ಮಗೂಗೆ ದೃಷ್ಟಿ ತೆಗಿ ಎಂದು ಗದರಿಸಿದರು. ಆದರೆ ಅವಳು ಎಸ್ಕಲೇಟರಿನ ಕಡೆ ತಿರುಗಿದಾಗ ಪಕ್ಕದಲ್ಲಿ ಕೂತಿದ್ದ ಯಾರಿಗೋ ಅದನ್ನೇ ಜೋರಾಗಿ ಹೇಳುತ್ತಿದ್ದರು.

ಮೂರನೇ ಮಹಡಿಯಲ್ಲಿ ವೆಂಕಟಲಕ್ಷ್ಮಮ್ಮ ಸುತ್ತು ಮುಗಿಸಿ ಕೂತಿದ್ದರು. ಕೀರ್ತನಾ ಓಡಿ ಬಂದು, ಏರಿದೆ ಅಜ್ಜಿ, ಪರೀಕ್ಷೆ ಬೇಡ ಅಂದರು ಎಂದು ಹೇಳಿ, ಅವರ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. ಕಲಾ ಸೆರಗಿನಿಂದ ಕಣ್ಣೊರೆಸಿಕೊಂಡರು. ವೆಂಕಟಲಕ್ಷ್ಮಮ್ಮ ಅಭಿನವ್‌ನ ಗಲ್ಲವನ್ನು ಎರಡು ಬೆರಳಲ್ಲಿ ಹಿಂಡಿ, ನೆಟಿಗೆ ಮುರಿದರು.

“ಸರಿ,” ಎಂದರು. “ಮಗ ಆಗ್ಲೇ ಹಸ್ಕಂಡೈತೆ. ಡಬ್ಬಿ ಎಲ್ಲಿ?”